ಸೋಮವಾರದ ಗಾಡಿ

ನನ್ನ ಹಿರಿಯ ಮಗಳ ಬಲಗಾಲು ಹುಟ್ಟುವಾಗಲೇ ಒಳಕ್ಕೆ ತಿರುಗಿತ್ತು. ಹೆರಿಗೆಯಾದದ್ದು ಮುಂಡಗೋಡದಲ್ಲಿ, ನನ್ನ ತವರಿನಲ್ಲಿ. ಸೂಲಗಿತ್ತಿ ಕೂಸಿಗೆ ಎರೆದು, ಬಟ್ಟೆಯಲ್ಲಿ ಸುತ್ತಿ, ಮುಖವೊಂದೇ ಕಾಣುವಂತೆ ನನ್ನ ಮಗ್ಗುಲಿಗೆ ಮಲಗಿಸಿದಳು. ಮುಖ ಬಂಗಾರ, ಮೂಗು ಬಂಗಾರ ಎಂದು ಹೊಗಳಿದ್ದೇ ಹೊಗಳಿದ್ದು. ಅಷ್ಟು ಹೊಗಳುವ ಹೆಂಗಸಲ್ಲ ಅವಳು. ಅನುಮಾನ ಬಂದು ಬಟ್ಟೆ ಬಿಚ್ಚಿದೆ. ಎಡಪಾದ ಎಲ್ಲರ ಪಾದದ ಹಾಗೇ ಇತ್ತು. ಬಲಪಾದದ ಅಂಗಾಲು ಎಡಗಾಲಿನ ಕಡೆಗೆ ಮುಖ ಮಾಡಿತ್ತು, ಅಕ್ಕನ ಗುಟ್ಟು ಕೇಳಲು ತಂಗಿ ವಾಲಿಕೊಂಡ ಹಾಗೆ.

ಆಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಅಳಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ನನ್ನ ಸ್ವಭಾವಕ್ಕೆ ತಕ್ಕಂತೆ ಸಿಟ್ಟಾದೆ. ಕೂಸನ್ನು ನೋಡಲು ಬಂದವರೆಲ್ಲ ಒಂದೊಂದು ಕಾರಣವನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಬಸುರಿಯಿದ್ದಾಗ ಗ್ರಹಣದ ದಿನ ಕಾಲು ಮಡಚಿ ಕೂತಿದ್ದಳಂತೆ ಎಂದು ಒಬ್ಬಳು ಹೇಳಿದರೆ, ಹೊಸ್ತಿಲ ಮೇಲೆ ಕೂತಿದ್ದಳಂತೆ ಎಂದು ಇನ್ನೊಬ್ಬಳು. ಗ್ರಹಣದ ದಿನ ನಾನು ಕಾಲು ಚಾಚಿ ಗೊರಕೆ ಹೊಡೆದಿದ್ದೆ. ಅದನ್ನು ಹೇಳಿದರೆ ಅದೇ ಕಾರಣವಾಗುತ್ತಿತ್ತು. 

ಕೂಸಿಗೆ ಮೂರು ತಿಂಗಳು ತುಂಬುತ್ತಲೇ ಅವ್ವ ಮತ್ತು ನಾನು ಹುಬ್ಬಳ್ಳಿ ಬಸ್ಸು ಹತ್ತಿದೆವು. ಅಲ್ಲಿಯ ಎಲುಬಿನ ಡಾಕ್ಟರು ಪಾದವನ್ನು ಹೆಬ್ಬೆರಳಿನಿಂದ ಅತ್ತ ಇತ್ತ ಒತ್ತಿ ನೋಡಿದರು. ಕೂಸು ಅಳಲಿಲ್ಲ, ಅವರ ಕನ್ನಡಕಕ್ಕೆ ಕೈ ಹಾಕಿತು. ಅವರು ನಕ್ಕು, "ಇದು ಹಸಿ ಬಿದಿರ ಇದ್ದಂಗವ್ವಾ. ಈಗ ಬಗ್ಗಿಸಿದ್ರ ಬಗ್ಗತೈತಿ, ವರ್ಷ ತುಂಬಿದ ಮ್ಯಾಲ ಬಗ್ಗೂದಿಲ್ಲ" ಎಂದರು. ಎರಡು ವಾರಕ್ಕೊಮ್ಮೆ ಸಿಮೆಂಟಿನ ಪಟ್ಟಿ ಹಾಕಬೇಕು, ಪ್ರತಿ ಸಲವೂ ಪಾದವನ್ನು ಇಷ್ಟಿಷ್ಟೇ ನೇರ ಮಾಡಬೇಕು, ಹತ್ತು ಪಟ್ಟಿಗೆ ಸರಿಹೋಗುತ್ತದೆ ಎಂದು ತಿಳಿಸಿ ಹೇಳಿದರು. ಪಟ್ಟಿಗೆ ನೀರು ತಾಗಬಾರದು, ದಿನ ತಪ್ಪಬಾರದು, ಕೂಸು ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ ಎಂದರು. ಗಂಡನ ಮನೆ ಹಳಿಯಾಳದ ಕಡೆ ಎಂದು ಕೇಳಿದ ಮೇಲೆ ಅವರಿಗೆ ಇನ್ನೂ ಖುಷಿಯಾಯಿತು. ಸೋಮವಾರ ಬಿಟ್ಟು ಸೋಮವಾರ ಅವರೇ ಹಳಿಯಾಳದ ದವಾಖಾನೆಗೆ ಬರುತ್ತಿದ್ದರಂತೆ. ಹುಬ್ಬಳ್ಳಿಗೆ ಅಲೆಯುವುದೇ ಬೇಡ, ಅಲ್ಲಿಗೇ ಬಂದುಬಿಡು ಎಂದರು. ಕುರುಡ ಬಯಸಿದ್ದು ಒಂದು ಕಣ್ಣು, ದೇವರು ಕೊಟ್ಟದ್ದು ಎರಡು ಕಣ್ಣು ಅಂದುಕೊಂಡು, ಬಾಣಂತನವನ್ನು ಅರ್ಧಕ್ಕೇ ಬಿಟ್ಟು ಗಂಡನ ಮನೆಗೆ ಬಂದೆ.

ಸೋಮವಾರ ಎಂದ ಕೂಡಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಮ್ಮ ಊರು ಹಳಿಯಾಳದ ಹಾದಿಯ ಸಾಂಬ್ರಾಣಿ ಎಂಬ ಊರಿನಿಂದ ಎರಡು ಮೈಲಿ ಒಳಗೆ. ನಡುವೆ ಒಂದು ಹಳ್ಳ, ಅದಕ್ಕೆ ಸೇತುವೆ ಇಲ್ಲ. ಹಳ್ಳ ದಾಟಿ ಸಾಂಬ್ರಾಣಿಗೆ ಬಂದರೆ ಯಲ್ಲಾಪುರದ ಕಡೆಯಿಂದ ಹಳಿಯಾಳಕ್ಕೆ ಹೋಗುವ ಬಸ್ಸು ಸಿಗುತ್ತಿತ್ತು, ಅದರ ಮನಸ್ಸಿಗೆ ಬಂದಾಗ. ನೆಚ್ಚಬಹುದಾದದ್ದು ಮನೆಯ ಎತ್ತಿನ ಗಾಡಿ ಒಂದೇ. ಆದರೆ ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಸೋಮವಾರ ಬಸವಣ್ಣನ ದಿನ. ಅಂದು ಎತ್ತಿನ ಹೆಗಲಿಗೆ ನೊಗ ತಾಗಬಾರದು. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹುಲ್ಲು ಹಾಕಿ, ಕೈ ಮುಗಿಯಬೇಕು. ನನ್ನ ಮಾವನವರಂತೂ ಈ ವಿಷಯದಲ್ಲಿ ಕಡು ನೇಮಿಷ್ಠ. ಸ್ವಂತ ತಮ್ಮನ ಮದುವೆಯ ದಿಬ್ಬಣ ಸೋಮವಾರ ಬಿದ್ದಿತೆಂದು ಬೀಗರ ಊರಿಗೆ ನಡೆದುಕೊಂಡು ಹೋದವರು ಅವರು. ನನ್ನ ಗಂಡ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಶನಿವಾರ ಸಂಜೆ ಬಂದು ರವಿವಾರ ಸಂಜೆ ಹೊರಟುಬಿಡುವರು. ಸೋಮವಾರದ ಮಟ್ಟಿಗೆ ನನಗೆ ಗಂಡನೂ ಇಲ್ಲ, ಎತ್ತೂ ಇಲ್ಲ.

ಮೊದಲನೆಯ ಪಟ್ಟಿಗೆ ಗಂಡ ರಜೆ ಹಾಕಿ ಬಂದರು. ಅಂದು ಸೋಮವಾರವೂ ಹೌದು, ಅಮಾವಾಸ್ಯೆಯೂ ಹೌದು. ಅತ್ತೆ ಎರಡೆರಡು ಸಲ ನಿಟ್ಟುಸಿರು ಬಿಟ್ಟರು. ನಾವು ಸಾಂಬ್ರಾಣಿಗೆ ನಡೆದು, ಬಸ್ಸು ಹಿಡಿದು ಹೋದೆವು. ಪಟ್ಟಿ ಒಣಗಿ ಗಟ್ಟಿಯಾದ ಮೇಲೆ ಕಂಪೌಂಡರ್ ಒಂದು ಚೀಟಿ ಕೊಟ್ಟು, ಹದಿನೈದು ದಿನಕ್ಕೆ ಬನ್ನಿ ಎಂದ. ಚೀಟಿಯಲ್ಲಿದ್ದದ್ದು ಇಂಗ್ಲಿಷು. ಅದನ್ನು ದೇವರ ಮಾಡದಲ್ಲಿ ಇಟ್ಟು ಕುಂಕುಮ ಹಚ್ಚಿದೆವು.

ನಮ್ಮ ಮನೆಯಲ್ಲಿ ದಿನ ಎಣಿಸುವುದು ಅಮಾವಾಸ್ಯೆ ಹುಣ್ಣಿಮೆಯಿಂದ. ಎಮ್ಮೆ ಈಯುವುದರಿಂದ ಹಿಡಿದು ಸಾಲ ತೀರಿಸುವವರೆಗೆ ಎಲ್ಲದಕ್ಕೂ ಅದೇ ಲೆಕ್ಕ. ಅಮಾವಾಸ್ಯೆಗೆ ಪಟ್ಟಿ ಹಾಕಿದ್ದಾರೆ, ಹದಿನೈದು ದಿನಕ್ಕೆ ಎಂದರೆ ಹುಣ್ಣಿಮೆ ಎಂದರು ಅತ್ತೆ. ಮಾವ ಬೆರಳು ಮಡಚಿ ಎಣಿಸಿ, ಹುಣ್ಣಿಮೆ ಮಂಗಳವಾರ ಬರುತ್ತದೆ ಎಂದರು. ಮನೆಯಲ್ಲಿ ಹಬ್ಬದಂಥ ಸಂತೋಷ. ಮಂಗಳವಾರ ಎತ್ತು ಹೂಡಬಹುದಲ್ಲ! ಬಸವಣ್ಣನೇ ದಾರಿ ತೋರಿಸಿದ ಎಂದು ಅತ್ತೆ ಕಾಯಿ ಒಡೆದರು. ನನಗೂ ಏನೂ ಅನಿಸಲಿಲ್ಲ. ನಾಲ್ಕನೆಯ ಇಯತ್ತೆ ಪಾಸಾದವಳು ನಾನು, ಮಗ್ಗಿ ಬಾಯಿಪಾಠ. ಆದರೂ ಎರಡು ವಾರ ಎಂದು ಹುಬ್ಬಳ್ಳಿಯಲ್ಲಿ ಹೇಳಿದ್ದು ಮರೆತು, ಎತ್ತಿನ ಗೆಜ್ಜೆಸರದ ಸದ್ದು ಕೇಳುತ್ತ ಗಾಡಿಯಲ್ಲಿ ಕೂತು ಹಳಿಯಾಳಕ್ಕೆ ಹೋದೆ.

ದವಾಖಾನೆಯ ಎಲುಬಿನ ಕೋಣೆಗೆ ಬೀಗ. ಡಾಕ್ಟರು ನಿನ್ನೆ ಬಂದು ಹೋಗಿದ್ದರು. ಕಂಪೌಂಡರ್ ನನ್ನನ್ನು ಬೈಯಲು ಶುರುಮಾಡಿದ. ನಾನೂ ಬಿಡಲಿಲ್ಲ. ಹದಿನೈದು ದಿನ ಅಂದವರು ನೀವು, ಎಣಿಸಿ ನೋಡಿ ಎಂದೆ. ಅವನು ಎಣಿಸಿದ. ಎರಡು ಸಲ ಎಣಿಸಿದ. ಮಂಗಳವಾರಕ್ಕೇ ಬಂದು ನಿಂತಿತು. ಲೆಕ್ಕ ತಪ್ಪಿದ್ದಕ್ಕಿಂತ ಲೆಕ್ಕ ಸರಿಯಾದದ್ದಕ್ಕೆ ಅವನಿಗೆ ಹೆಚ್ಚು ಸಿಟ್ಟು ಬಂತು.

"ದವಾಖಾನ್ಯಾಗ ಹದಿನೈದು ದಿನಾ ಅಂದ್ರ ಹದಿನಾಲ್ಕು ದಿನಾ. ಇಷ್ಟೂ ತಿಳಿಯೂದಿಲ್ಲೇನು ನಿಮಗ?" ಎಂದ.

ಅದು ಹೇಗೆ ತಿಳಿಯಬೇಕು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಕೂಸಿನ ಬಾತುಕೊಂಡ ಕಾಲ್ಬೆರಳು ನೋಡಿದ ಕೂಡಲೇ ಅವನ ಬಾಯಿ ನಿಂತಿತು. ಪಟ್ಟಿ ಬಿಗಿಯಾಗತೊಡಗಿತ್ತು. ಅವನೇ ನೀರು ತಂದು, ನೆನೆಸಿ, ಕೂಸಿಗೆ ನೋವಾಗದ ಹಾಗೆ ಸುತ್ತು ಸುತ್ತಾಗಿ ಬಿಚ್ಚಿದ. ಹೊಸದು ಹಾಕುವುದು ಅವನ ಕೈಯಲ್ಲಿರಲಿಲ್ಲ. ಡಾಕ್ಟರು ಮತ್ತೆ ಬರುವ ಹೊತ್ತಿಗೆ ಪಾದ ತನ್ನ ಹಳೆಯ ಜಾಗಕ್ಕೆ ಹೋಗಿ ಕೂತಿತ್ತು.

ಮುಂದಿನ ಸಲ ಸೋಮವಾರವೇ ಹೊರಟೆ, ಅತ್ತೆಯನ್ನು ಜೊತೆಗೆ ಕರೆದುಕೊಂಡು. ಬಸ್ಸು ಎಂಟಕ್ಕೆ ಬರಬೇಕಾದದ್ದು ಹನ್ನೊಂದಕ್ಕೆ ಬಂತು. ಗಾಲಿ ಪಂಕ್ಚರ್ ಆಗಿತ್ತಂತೆ. ದವಾಖಾನೆಗೆ ಓಡಿದರೆ, ಹೊಸ ಚೀಟಿ ಬರೆಯುವ ಕಿಟಕಿ ಹತ್ತಕ್ಕೇ ಮುಚ್ಚಿದೆ. ಒಳಗೆ ಡಾಕ್ಟರ ದನಿ ಕೇಳುತ್ತಿದೆ, ಹೊರಗೆ ಕಂಪೌಂಡರ್ ಬಾಗಿಲಿಗೆ ಅಡ್ಡ ನಿಂತಿದ್ದಾನೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ. ಚೀಟಿ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದ. ಚೀಟಿ ಕೊಡು ಎಂದರೆ, ಹತ್ತು ಗಂಟೆಯ ಮೇಲೆ ಕೊಡುವುದಿಲ್ಲ ಎಂದ. ನನಗೆ ತಲೆ ಕೆಟ್ಟಿತು. ಆ ಪಡಸಾಲೆಯಲ್ಲಿ ನಾನು ಎತ್ತಿದ ದನಿ ಹಳಿಯಾಳದ ಸಂತೆಯವರೆಗೆ ಕೇಳಿಸಿರಬೇಕು. ಅತ್ತೆ ನನ್ನ ಸೆರಗು ಜಗ್ಗುತ್ತಿದ್ದರು. ಮೊದಲು ನನ್ನನ್ನು ಸುಮ್ಮನಿರಿಸಲು ಜಗ್ಗುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಉಸಿರು ತೆಗೆದುಕೊಳ್ಳುವಾಗ ತಾವು ಬೈಯಬೇಕೆಂದು ಸರದಿ ಕೇಳುತ್ತಿದ್ದರು.

ಬಸ್ಸಿಗೆ ಹೊರಟಿದ್ದ ಡಾಕ್ಟರು ಚೀಲ ಹಿಡಿದುಕೊಂಡೇ ಹೊರಗೆ ಬಂದರು. ಚೀಲ ಕೆಳಗಿಟ್ಟರು. ಅಂಗಿಯ ತೋಳು ಮಡಚಿ ಪಟ್ಟಿ ಹಾಕಿದರು. ಬಸ್ಸು ಅವರಿಗೂ ತಪ್ಪಿತು. ಆದರೆ ಕೈ ತೊಳೆದುಕೊಳ್ಳುವಾಗ ಅವರು ಹೇಳಿದ್ದು ಕೇಳಿ ನನ್ನ ಸಿಟ್ಟೆಲ್ಲ ಭಯವಾಯಿತು.

"ಇವತ್ತಿಂದ ಮತ್ತ ಒಂದನೇ ಪಟ್ಟಿ ಅಂತ ಹಿಡೀರಿ. ಹತ್ತೂ ತಪ್ಪದ ಆಗಬೇಕು. ನಡುವ ಒಂದು ತಪ್ಪಿದ್ರ ನನ್ನ ಕೈಯಾಗೂ ಇಲ್ಲ. ಆಮ್ಯಾಲ ಕೊಯ್ದು ತಿದ್ದಬೇಕಾಗ್ತೈತಿ, ಅದೂ ಪೂರಾ ಆಗ್ತೈತಿ ಅಂತ ಹೇಳಾಕ ಬರೂದಿಲ್ಲ."

ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಬೆರಳು ಮಡಚಿ ಸೋಮವಾರಗಳನ್ನು ಎಣಿಸಿದರು. ಕೂಸು ಮಾತ್ರ ಹೊಸ ಪಟ್ಟಿಯಿಂದ ನನ್ನ ಪಕ್ಕೆಗೆ ಗುದ್ದುತ್ತ ಆಡುತ್ತಿತ್ತು.

ಆವತ್ತು ರಾತ್ರಿ ಊಟಕ್ಕೆ ಕೂತಾಗ ಮಾವನೇ ದಾರಿ ಹೇಳಿದರು. ರವಿವಾರ ಗಾಡಿ ಹೂಡಿ ಹಳಿಯಾಳಕ್ಕೆ ಹೋಗುವುದು, ಅಲ್ಲಿ ಅವರ ಅಕ್ಕನ ಮನೆಯಲ್ಲಿ ಉಳಿಯುವುದು, ಸೋಮವಾರ ಎತ್ತಿಗೂ ವಿಶ್ರಾಂತಿ ಕೂಸಿಗೂ ಪಟ್ಟಿ, ಮಂಗಳವಾರ ವಾಪಸು. ಹಾಗೇ ಮೂರು ಸಲ ಮಾಡಿದೆವು. ಆ ಅಕ್ಕ ಮೊದಲ ಸಲ ಹೋಳಿಗೆ ಮಾಡಿದರು. ಎರಡನೆಯ ಸಲ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮೂರನೆಯ ಸಲ ನಾವು ಗಾಡಿಯಿಂದ ಇಳಿಯುವ ಮೊದಲೇ, ಮತ್ತೆ ಯಾವಾಗ ಹೊರಡುವುದು ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ನಮ್ಮ ಎತ್ತು ಅವರ ಬಣವೆಯಲ್ಲಿ ದೊಡ್ಡ ಗವಿ ಕೊರೆದಿದ್ದವು. ಅಲ್ಲದೆ ಓಣಿಯ ಹೆಂಗಸರೆಲ್ಲ ಕಾಲು ನೋಡಲು ಬಂದು ಕೂತರೆ ಚಹಾ ಮಾಡುವವರು ಅವರೇ.

ಜಗಳವಾಡಿ ಹಾಕಿಸಿದ್ದೂ ಸೇರಿ ನಾಲ್ಕು ಪಟ್ಟಿ ಹೀಗೆ ಮುಗಿದವು. ಪ್ರತಿ ಸಲ ಹಳೆಯದು ಬಿಚ್ಚಿದಾಗ ಪಾದ ಒಂದು ಬೆರಳಿನಷ್ಟು ಹೊರಗೆ ತಿರುಗಿರುತ್ತಿತ್ತು. ಆ ಒಂದು ಬೆರಳನ್ನು ನೋಡಲು ನಾನು ಹದಿನಾಲ್ಕು ದಿನ ಕಾಯುತ್ತಿದ್ದೆ. ಹದಿನಾಲ್ಕು ಎಂದು ಸರಿಯಾಗಿ ಎಣಿಸುವುದನ್ನೂ ಕಲಿತಿದ್ದೆ.

ಐದನೆಯದು ಬಂದದ್ದು ಶ್ರಾವಣದ ಮೊದಲನೆಯ ಸೋಮವಾರ. ಶನಿವಾರದಿಂದಲೇ ಮಳೆ ಹಿಡಿದಿತ್ತು. ಗಂಡ ದಾಂಡೇಲಿಯಿಂದ ಬರಲೇ ಇಲ್ಲ. ರವಿವಾರ ಬೆಳಗ್ಗೆ ಮಾವ ಗಾಡಿಗೆ ಚಾಪೆಯ ಕಮಾನು ಕಟ್ಟಿ, ಎತ್ತು ಹೂಡಿ, ಹಳ್ಳದ ತನಕ ಹೋಗಿ ತಿರುಗಿ ಬಂದರು. ನೀರು ಎರಡಾಳು ಹರಿಯುತ್ತಿತ್ತು. ಸಂಜೆ ಮತ್ತೊಮ್ಮೆ ಹೋಗಿ ಬಂದರು. ಅಷ್ಟೇ ಇತ್ತು. ಸೋಮವಾರ ನಸುಕಿಗೆ ಮಳೆ ಜಿನುಗುಮಳೆಯಾಗಿ, ಹಳ್ಳ ಇಳಿಯಿತು. ಗಾಡಿ ದಾಟುವಷ್ಟು ಇಳಿಯಿತು. ಆದರೆ ವಾರ ಸೋಮವಾರ, ಅದೂ ಶ್ರಾವಣದ್ದು.

ಕೂಸನ್ನು ಎತ್ತಿಕೊಂಡು ನಡೆದು ಹೋಗಬಹುದಿತ್ತು. ನಾನು ನಾಟಿಯ ಗದ್ದೆಯಲ್ಲಿ ದಿನವಿಡೀ ಬಗ್ಗುವವಳು, ಎರಡು ಮೈಲಿ ಯಾವ ಲೆಕ್ಕ? ಆದರೆ ಹಳ್ಳದ ನೀರು ಸೊಂಟಮಟ್ಟ, ಸೆಳೆತ ಬೇರೆ, ಮೇಲೆ ಮಳೆ. ಕೂಸಿಗೆ ಏಳು ತಿಂಗಳಾಗಿತ್ತು, ಕೈಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಪಟ್ಟಿ ನೆನೆದು ಸಡಿಲವಾದರೆ, ಗಳಿಸಿದ ನಾಲ್ಕು ಬೆರಳೂ ದಾರಿಯಲ್ಲೇ ಹೋಗುತ್ತಿದ್ದವು. ಓಣಿಯ ತುದಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಚಾಚಾ ಮಾವನ ಬಾಲ್ಯದ ಗೆಳೆಯರು. ಅವರ ಮನೆಯಲ್ಲೂ ಒಂದು ಜೋಡಿ ಎತ್ತಿದ್ದವು. ಚಾಚಾ ಶುಕ್ರವಾರ ನಮಾಜು ಮಾಡುವವರು, ಅವರಿಗೇನು ಸೋಮವಾರ ಎಂದು ಅಂಗಡಿಗೆ ಓಡಿ ಕೇಳಿದೆ. ಅವರು ಪೆಚ್ಚು ಮೋರೆ ಮಾಡಿದರು. ಅವರ ತಂದೆಯ ಕಾಲದಿಂದ ಅವರ ಎತ್ತೂ ಸೋಮವಾರ ನೊಗ ಕಂಡಿಲ್ಲವಂತೆ. ಊರಿನ ಎತ್ತೆಲ್ಲ ಮಲಗಿರುವಾಗ ತಮ್ಮ ಎತ್ತು ದುಡಿದರೆ ಅವು ತಮ್ಮನ್ನು ಏನೆಂದು ತಿಳಿದಾವು ಎಂದರು.

ಮನೆಗೆ ಬಂದೆ. ಮಾವ ಪಡಸಾಲೆಯ ಕಟ್ಟೆಯ ಮೇಲೆ ಕೂತು ಮಳೆ ನೋಡುತ್ತಿದ್ದರು. ಮದುವೆಯಾದಾಗಿನಿಂದ ನಾನು ಅವರೆದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ಅತ್ತೆಯ ಮೂಲಕ, ಇಲ್ಲವೇ ಬಾಗಿಲ ಮರೆಯಿಂದ. ಅಂದು ಬಾಗಿಲು ದಾಟಿ ಅವರ ಮುಂದೆಯೇ ಹೋಗಿ ನಿಂತೆ.

"ಮಾವಾರ, ಇವತ್ತು ತಪ್ಪಿದ್ರ ಕೂಸಿನ ಕಾಲು ಕೊಯ್ತಾರ. ನಿಮ್ಮ ನೇಮಾ ನಾ ಬ್ಯಾಡ ಅನ್ನಂಗಿಲ್ಲ. ಖರೆ, ನಾ ಏನ್ ಮಾಡ್ಲಿ ನೀವ ಹೇಳ್ರಿ."

 ಅವರು ಎದ್ದು ಕೊಟ್ಟಿಗೆಗೆ ಹೋದರು. ಹೂಡುತ್ತಾರೆ ಎಂದುಕೊಂಡೆ. ಒಂದು ಕಡೆ ಸಂತೋಷ, ಇನ್ನೊಂದು ಕಡೆ, ಹಿರಿಯ ಜೀವದ ಕೈಯಿಂದ ನೇಮ ಮುರಿಸಿದೆನಲ್ಲ ಎಂದು ಸಂಕಟ. ಬಗ್ಗಿ ನೋಡಿದೆ. ಅವರು ಎರಡೂ ಎತ್ತಿನ ಪಾದ ಮುಟ್ಟಿ ನಮಸ್ಕರಿಸಿ, ಮುಂದೆ ಒಂದು ಹೊರೆ ಹುಲ್ಲು ಹಾಕಿ, ಕೊಟ್ಟಿಗೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದರು. ತಲೆಗೆ ಸುತ್ತಿದ್ದ ಪಟಕಾ ಬಿಚ್ಚಿ ಮಡಚಿ ಹೆಗಲ ಮೇಲೆ ಮೆತ್ತೆ ಮಾಡಿಕೊಂಡರು. ಅಂಗಳದಲ್ಲಿದ್ದ ಗಾಡಿಯ ನೊಗವನ್ನು ಎತ್ತಿ ತಮ್ಮ ಹೆಗಲಿಗೇ ಇಟ್ಟುಕೊಂಡರು.

"ಸೋಮಾರ ಸೂಟಿ ಬಸವಣ್ಣಗ," ಎಂದರು. "ನನಗ ಯಾರ ಸೂಟಿ ಕೊಟ್ಟಾರ? ಕೂಸಿನ್ನ ತಗೊಂಡು ಗಾಡ್ಯಾಗ ಕೂಡ್ರವ್ವಾ."

 ಮಾವನವರು ಎದುರಿಗಿದ್ದರೆ ಸೊಸೆಯಾದವಳು ಮಣೆಯ ಮೇಲೂ ಕೂಡುವಂತಿಲ್ಲ. ಅವರು ಎಳೆಯುವ ಗಾಡಿಯಲ್ಲಿ ನಾನು ಹೇಗೆ ಕೂಡಲಿ? ನಡೆದೇ ಬರುತ್ತೇನೆ, ಕೂಸೊಂದನ್ನೇ ಮಲಗಿಸಿ ಎಂದೆ. ಗಾಡಿ ಕುಲುಕಿದರೆ ಕೂಸನ್ನು ಹಿಡಿಯುವವರು ಯಾರು ಎಂದು ಅತ್ತೆ ನನ್ನ ರಟ್ಟೆ ಹಿಡಿದು ಒಳಗೆ ತಳ್ಳಿಯೇಬಿಟ್ಟರು. ತಾವು ಕಚ್ಚೆ ಬಿಗಿದು ಹಿಂದಿನಿಂದ ದಬ್ಬಲು ನಿಂತರು. ಒಂದೇ ಹೆಗಲಿಗೆ ನೊಗ ವಾಲಿ ಗಾಡಿ ಬೇಲಿಯ ಕಡೆಗೆ ಹೊರಟಿತು. ಅಷ್ಟರಲ್ಲಿ ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಚಾಚಾ ಓಡಿ ಬಂದರು. ನನ್ನನ್ನು ಬರಿಗೈಯಲ್ಲಿ ಕಳಿಸಿದ ಮೇಲೆ ಅಂಗಡಿಯಲ್ಲಿ ಕೂಡಲು ಅವರಿಗೆ ಆಗಿರಲಿಲ್ಲ. ಗೆಳೆಯನನ್ನು ಮೇಲಿಂದ ಕೆಳಗೆ ನೋಡಿ, ನೊಗದ ಇನ್ನೊಂದು ತುದಿಗೆ ಹೆಗಲು ಕೊಟ್ಟರು.

ಹಾಗೆ ನನ್ನ ಸವಾರಿ ಹೊರಟಿತು. ನಾಚಿಕೆಯಿಂದ ನಾನು ಸೆರಗನ್ನು ಗದ್ದದವರೆಗೆ ಎಳೆದುಕೊಂಡು, ಹಿಂದಕ್ಕೆ ಮುಖ ಮಾಡಿ ಕೂತೆ. ಕೂಸಿಗೆ ಮಾತ್ರ ಇಂಥ ಖುಷಿ ಹಿಂದೆ ಆಗಿರಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಕೇಕೆ ಹಾಕಿ ನಗುತ್ತಿತ್ತು. ಮುದುಕರಿಬ್ಬರೂ ಜೀವಮಾನವೆಲ್ಲ ಗಾಡಿ ಹೊಡೆದವರು, ಎಳೆದವರಲ್ಲ. ತಿರುವು ಬಂದಾಗ ಇಬ್ಬರೂ ಒಬ್ಬರಿಗೊಬ್ಬರು ಹೊಯ್ ಹೊಯ್ ಎಂದು ಕೂಗುವರು, ಇಬ್ಬರೂ ತಮಗೆ ಬೇಕಾದ ಕಡೆಗೇ ತಿರುಗುವರು. ಮಾವ ರೂಢಿಯ ಬಲದಿಂದ ನಾಲಿಗೆ ಲೊಚಗುಟ್ಟಿಸಿ, ಆ ಸದ್ದಿಗೆ ತಾವೇ ಹೆಜ್ಜೆ ಜೋರು ಮಾಡುತ್ತಿದ್ದರು. ಹಿಂದಿನಿಂದ ಅತ್ತೆ, ಬಲಗಡೆಯ ಎತ್ತು ಮೈಗಳ್ಳ ಎಂದು ಗಾಡಿಗೆ ಹೇಳುವಂತೆ ಹೇಳಿದರು. ಬಲಗಡೆ ಇದ್ದವರು ಮಾವ.

ಚಾಚಾಗೆ ನಗು ತಡೆಯಲಾಗಲಿಲ್ಲ. "ದೋಸ್ತ, ನಮ್ಮನ್ನ ಮುಂಡಗೋಡ ದನದ ಸಂತಿಗೆ ಹೊಡಕೊಂಡು ಹೋದ್ರ ಯಾವನೂ ಹಲ್ಲು ಎಣಸಾಕೂ ಬರೂದಿಲ್ಲ" ಎಂದರು.

"ನಿನ್ನ ಬಾಯಾಗ ಎಣಸಾಕ ಎಲ್ಲಿ ಅದಾವ?" ಎಂದರು ಮಾವ, ಏದುಸಿರು ಬಿಡುತ್ತ.

ಗದ್ದೆಗಳಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ಒಬ್ಬಳು ನಕ್ಕಳು, ನಗು ಗದ್ದೆಯಿಂದ ಗದ್ದೆಗೆ ಹರಿದು ನಮ್ಮ ಜೊತೆಯೇ ಬಂತು. ನಾನು ಸೆರಗಿನೊಳಗೇ ಮೊದಲು ಅತ್ತು, ಆಮೇಲೆ ನಗತೊಡಗಿದೆ. ಅಳುವೂ ನಗುವೂ ಹೊಟ್ಟೆ ನೋಯುವಷ್ಟು ಒಟ್ಟಿಗೇ ಬಂದವು. ಹಳ್ಳದ ಹತ್ತಿರ ಬಂದಾಗ ನಗುತ್ತಿದ್ದವರಲ್ಲಿ ಐದಾರು ಜನ ಕೆಸರುಗೈಯಲ್ಲೇ ಓಡಿ ಬಂದು ಗಾಲಿಗೆ ಕೈ ಹಚ್ಚಿದರು. ನೀರು ಅಚ್ಚು ಮುಳುಗಿಸಿ ಗಾಡಿಯ ಹಲಗೆಯ ಕೆಳಗೆ ಸುಳಿಯುತ್ತಿತ್ತು. ನಾನು ಕೂಸಿನ ಕಾಲನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೆ. ನಡು ಹಳ್ಳದಲ್ಲಿ ಗಾಡಿ ಒಂದು ಗಳಿಗೆ ನಿಂತಿತು. ಆಗ ಮಾತ್ರ ಯಾರೂ ನಗಲಿಲ್ಲ. ಮಾವ ಏನೋ ಗೊಣಗಿ ಮುಂದಕ್ಕೆ ವಾಲಿದರು, ಎಲ್ಲರೂ ಒಮ್ಮೆಲೇ ದಬ್ಬಿದರು, ಗಾಡಿ ದಡ ಹತ್ತಿತು.

ಸಾಂಬ್ರಾಣಿಯಲ್ಲಿ ಚಾಚಾ ಮತ್ತು ಅತ್ತೆ ಗಾಡಿ ಕಾಯುತ್ತ ಉಳಿದರು. ಮಾವ ನನ್ನ ಜೊತೆ ಬಸ್ಸು ಹತ್ತಿದರು. ಬಸ್ಸು ಅಂದೂ ತಡವೇ. ದವಾಖಾನೆ ಮುಟ್ಟಿದಾಗ ಚೀಟಿಯ ಕಿಟಕಿ ಮುಚ್ಚಿ ಅರ್ಧ ಗಂಟೆಯಾಗಿತ್ತು. ನಾನು ಜಗಳಕ್ಕೆ ಗಂಟಲು ಸರಿಮಾಡಿಕೊಂಡೆ. ಆದರೆ ಕಂಪೌಂಡರ್ ನನ್ನನ್ನು ನೋಡುತ್ತಿರಲಿಲ್ಲ. ಮೊಣಕಾಲಿನವರೆಗೆ ಕೆಸರು, ಅಂಗಿ ಹೆಗಲ ಮೇಲೆ ಹರಿದು, ಬಾಸುಂಡೆ ಎದ್ದ ಮುದುಕನನ್ನು ನೋಡುತ್ತಿದ್ದ. ಏನಾಯಿತು, ಎಲ್ಲಾದರೂ ಬಿದ್ದಿರಾ ಎಂದು ಕೇಳಿದ. ಮಾವ ಅಂಗಿಯ ಹರಕನ್ನು ಪಟಕಾದಿಂದ ಮುಚ್ಚಿಕೊಂಡರು. ನಮ್ಮ ಜೊತೆ ಬಸ್ಸಿನಲ್ಲಿ ಬಂದ ಹೆಂಗಸೊಬ್ಬಳು ಸಾಂಬ್ರಾಣಿಯಲ್ಲಿ ಎಲ್ಲವನ್ನೂ ನೋಡಿದ್ದಳು. ಅವಳು ಹೇಳಿದಳು, ಸ್ವಲ್ಪ ಉಪ್ಪು ಖಾರ ಹಚ್ಚಿಯೇ. ಕಂಪೌಂಡರ್ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಒಳಗೆ ಹೋಗಿ ಕಿಟಕಿ ತೆರೆದು, ಚೀಟಿ ಬರೆದ. ಮಾವನಿಗೆ ತನ್ನ ಕುರ್ಚಿ ಹಾಕಿದ.

ಡಾಕ್ಟರು ಪಟ್ಟಿಯನ್ನು ಬೆರಳಿನಿಂದ ಬಡಿದು ನೋಡಿದರು. ಟಕ್ ಟಕ್ ಎಂದಿತು. ಒಂದು ಹನಿ ನೀರೂ ತಾಗಿರಲಿಲ್ಲ. ಹಳೆಯದನ್ನು ಬಿಚ್ಚಿ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ಅತ್ತ ಇತ್ತ ತಿರುಗಿಸಿ ನೋಡಿದರು.  ಆಮೇಲೆ ಅವರು ತಲೆಯೆತ್ತಿ, ನನ್ನನ್ನಲ್ಲ, ಮಾವನನ್ನು ನೋಡಿ ಹೇಳಿದರು.

"ಯಜಮಾನ್ರ, ಕಾಲು ನಮ್ಮ ಮಾತು ಕೇಳಾಕತ್ತೈತಿ. ಇನ್ನ ಹಿಂದಕ್ಕ ಹೋಗೂದಿಲ್ಲ."

ಮಾವ ಕುರ್ಚಿಯಿಂದ ಎದ್ದು ಡಾಕ್ಟರಿಗೆ ಕೈ ಮುಗಿದರು. ಡಾಕ್ಟರು ಕೈ ಒರೆಸಿಕೊಂಡು, ಕೂಸಿನ ಪಟ್ಟಿ ಮುಗಿದ ಮೇಲೆ ಮಾವನ ಹೆಗಲಿಗೂ ಮುಲಾಮು ಹಚ್ಚಿಸಿದರು.

ಅಂದಿನಿಂದ ಕಂಪೌಂಡರ್ ನನ್ನ ಸಂಬಂಧಿಕನಂತೆ ಆದ. ನಮ್ಮ ಮನೆಯ ಗೋಡೆಯ ಕ್ಯಾಲೆಂಡರನ್ನು ತರಿಸಿಕೊಂಡು, ಉಳಿದ ಸೋಮವಾರಗಳಿಗೆ ಕೆಂಪು ಮಸಿಯಲ್ಲಿ ಸುತ್ತು ಹಾಕಿ ಕೊಟ್ಟ. ಅತ್ತೆ ಅದಕ್ಕೂ ಕುಂಕುಮ ಹಚ್ಚಿದರು. ಊರಿನಲ್ಲಿಯೂ ಒಂದು ಬದಲಾವಣೆಯಾಯಿತು. ಆರನೆಯ ಪಟ್ಟಿಯ ಸೋಮವಾರ ಹಳ್ಳ ಪೂರ್ತಿ ಇಳಿದಿತ್ತು. ಕೂಸನ್ನು ಎತ್ತಿಕೊಂಡು ನಡೆದರೆ ಸಾಕಿತ್ತು. ಆದರೆ ನಸುಕಿನಲ್ಲಿ ಬಾಗಿಲು ತೆ‌ರೆದರೆ ಅಂಗಳದಲ್ಲಿ ಆರು ಜನ ಗಂಡಸರು, ಹೆಗಲ ಮೇಲೆ ಪಟಕಾ ಮಡಚಿಕೊಂಡು ನಿಂತಿದ್ದಾರೆ. ಯಾವ ಜೋಡಿ ಮೊದಲು ಎಂದು ಅವರಲ್ಲೇ ಚರ್ಚೆ. ಬೇಡ ಎಂದರೆ ಮುಖ ಸಣ್ಣ ಮಾಡಿದರು. ಮನಸ್ಸು ನೋಯಿಸಬಾರದೆಂದು ಅಂದೂ ಗಾಡಿಯಲ್ಲೇ ಹೋದೆ. ಈ ಸಲ ಮುಂದಕ್ಕೆ ಮುಖ ಮಾಡಿ ಕೂತೆ.

ದೀಪಾವಳಿಗೆ ಮುಂಚೆ ಹತ್ತನೆಯ ಪಟ್ಟಿ ಬಿಚ್ಚಿದರು. ಕಾಲು ಬೆಳ್ಳಗೆ ಸಿಪ್ಪೆ ಸುಲಿದು, ಕಡ್ಡಿಯ ಹಾಗೆ ಸಣ್ಣಗಾಗಿತ್ತು. ನೋಡಲು ನೆಟ್ಟಗಿತ್ತು, ಆದರೆ ನಡೆಯುವ ತನಕ ಏನೂ ಹೇಳಬಾರದು ಎಂದು ಡಾಕ್ಟರು ಎಚ್ಚರಿಸಿದರು. ಮಲಗುವಾಗ ತೊಡಿಸಲು ಒಂದು ಚರ್ಮದ ಬೂಟು ಕೊಟ್ಟು ಕಳಿಸಿದರು. ಆಮೇಲಿನ ತಿಂಗಳುಗಳು ನನಗೆ ಪಟ್ಟಿಯ ದಿನಗಳಿಗಿಂತ ಕಷ್ಟವಾದವು. ಹೋಗಿ ಜಗಳವಾಡಲು ಒಂದು ಕಿಟಕಿಯೂ ಇರಲಿಲ್ಲ. ಓರಗೆಯ ಕೂಸುಗಳು ಗೋಡೆ ಹಿಡಿದು ನಡೆದವು, ಗೋಡೆ ಬಿಟ್ಟು ನಡೆದವು. ನಮ್ಮದು ಕೂತಲ್ಲೇ ತೆವಳಿಕೊಂಡು ಎಲ್ಲ ಕಡೆ ಹೋಗುತ್ತಿತ್ತು. ಎತ್ತಿ ನಿಲ್ಲಿಸಿದರೆ ಬಲಗಾಲು ಮಡಚಿಕೊಂಡು ನನ್ನನ್ನು ನೋಡಿ ನಗುತ್ತಿತ್ತು. ನಾನು ನಗುತ್ತಿರಲಿಲ್ಲ.

ಯುಗಾದಿ ಕಳೆದು ಕೆಲವು ದಿನಗಳಾಗಿದ್ದವು. ಒಂದು ಬೆಳಗ್ಗೆ ಅಡಿಗೆಮನೆಯನ್ನು ಸೆಗಣಿಯಿಂದ ಸಾರಿಸಿ, ಒಣಗಲಿ ಎಂದು ಬಿಟ್ಟು, ಹಿತ್ತಿಲಿಗೆ ಕೈ ತೊಳೆಯಲು ಹೋಗಿದ್ದೆ. ಬಂದು ನೋಡಿದರೆ ಹಸಿ ನೆಲದ ಮೇಲೆ ಹೆಜ್ಜೆಗಳು. ಬಾಗಿಲಿನಿಂದ ಒಲೆಯವರೆಗೆ. ಅರ್ಧ ತಾಸು ಬಗ್ಗಿ ಸಾರಿಸಿದ ಸೊಂಟ ಇನ್ನೂ ನೋಯುತ್ತಿತ್ತು. ಯಾವ ಮನೆಯ ಕೂಸು ನುಗ್ಗಿತು ಎಂದು ಬೈಯಲು ಬಾಯಿ ತೆರೆದೆ. ಒಲೆಯ ಪಕ್ಕದಲ್ಲಿ ನನ್ನ ಮಗಳು ಗೋಡೆಗೆ ಕೈ ಊರದೆ ನಿಂತಿದ್ದಳು.

 ಬಗ್ಗಿ ಹೆಜ್ಜೆ ನೋಡಿದೆ. ಐದು ಬೆರಳು, ಹಿಮ್ಮಡಿ, ಮತ್ತೆ ಐದು ಬೆರಳು, ಹಿಮ್ಮಡಿ. ಎಲ್ಲವೂ ಒಲೆಯ ಕಡೆಗೇ ಮುಖ ಮಾಡಿದ್ದವು. ಒಂದೂ ಪಕ್ಕಕ್ಕೆ ತಿರುಗಿರಲಿಲ್ಲ. ಪಟ್ಟಿ ಹಾಕಿದ ಕಾಲು ಯಾವುದು ಎಂದು ಹೆತ್ತ ನನಗೇ ಹುಡುಕಲು ಬರಲಿಲ್ಲ. ನಾನು ಕೂಗಿದ ಕೂಗಿಗೆ ಅತ್ತೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಹಿಂದೆಯೇ ಮಾವ.

ಮಾವ ಬಾಗಿಲಲ್ಲೇ ನಿಂತರು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಅದನ್ನು ಹಸಿ ಮಣ್ಣಿನ ಮೇಲೆ ನಡೆಸಿ, ಗೊರಸಿನ ಗುರುತು ನೋಡಿ ನಡಿಗೆ ಅಳೆಯುವವರು ಅವರು. ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಹೆಜ್ಜೆಯ ಮೇಲೆ, ಮುಟ್ಟದೆ, ಬೆರಳು ಆಡಿಸಿ ನೋಡಿದರು.

"ಜೋಡಿ ಸರಿ ಐತಿ" ಎಂದರು. 

ನೆಲ ಒಣಗುವವರೆಗೆ ಅವರು ಅಡಿಗೆಮನೆಯ ಬಾಗಿಲಲ್ಲೇ ಕೂತರು, ಯಾರನ್ನೂ ಒಳಗೆ ಬಿಡಲಿಲ್ಲ. ಅಂದು ನಾವು ಅಂಗಳದಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡಿದೆವು.